ಕಾದ ವರ್ಷಗಳೂ ನಿಮ್ಮವೇ: ಡಿವೋರ್ಸ್ ಮತ್ತು ಆರೋಗ್ಯ ವಿಮೆ

ಕಳೆದ ತಿಂಗಳು ಒಂದು ಭಾನುವಾರ ಬಸವನಗುಡಿಯಲ್ಲಿ ಸುಮಾರು ನಲವತ್ತು ಜನರ ಮುಂದೆ ಮಾತಾಡಿದ್ದೆ. ಬಂದವರಲ್ಲಿ ಕೆಲವರು, ಇದನ್ನು ಬರೆದು ಕೊಡಿ, ತಂಗಿಗೆ ಕಳಿಸಬೇಕು, ಗೆಳತಿಗೆ ಕಳಿಸಬೇಕು ಎಂದರು. ಆದಷ್ಟು ಆಡಿದ ಹಾಗೇ ಬರೆದಿದ್ದೇನೆ. ಕೊನೆಯಲ್ಲಿ ಕೇಳಿದ ಪ್ರಶ್ನೆಗಳೂ ಇವೆ.

ಎಲ್ಲರಿಗೂ ನಮಸ್ಕಾರ.

ನಾನು ವಕೀಲಳಲ್ಲ. ಇನ್ಶೂರೆನ್ಸ್ ಏಜೆಂಟ್ ಕೂಡ ಅಲ್ಲ. ಈ ಊರಿನ ಬೇರೆ ಬೇರೆ ಕಂಪನಿಗಳ ಎಚ್‌ಆರ್ ವಿಭಾಗದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದ್ದೇನೆ. ನೌಕರರ ಮೆಡಿಕಲ್ ಇನ್ಶೂರೆನ್ಸ್ ಪಟ್ಟಿಗೆ ಹೆಸರು ಸೇರಿಸುವುದು, ತೆಗೆಯುವುದು ನನ್ನ ಟೇಬಲ್ ಮೇಲೇ ನಡೆಯುತ್ತಿತ್ತು. ನನಗೂ ಡಿವೋರ್ಸ್ ಆಗಿದೆ. ಹಾಗಾಗಿ ಆ ಪಟ್ಟಿಯನ್ನು ಎರಡೂ ಕಡೆಯಿಂದ ನೋಡಿದ್ದೇನೆ.

ಮೊದಲು ನನ್ನದೇ ಹೇಳಿಬಿಡುತ್ತೇನೆ. 2014ನೇ ಇಸವಿ. ಮಗಳು ಚಿಕ್ಕವಳು ಅಂತ ಕೆಲಸ ಬಿಟ್ಟು ಮೂರು ವರ್ಷ ಆಗಿತ್ತು. ಕೋರ್ಟಿನಲ್ಲಿ ಕೇಸ್ ನಡೆಯುತ್ತಿತ್ತು, ನಾನು ತ್ಯಾಗರಾಜನಗರದಲ್ಲಿ ಅಮ್ಮನ ಮನೆಯಲ್ಲಿದ್ದೆ. ಒಂದು ರಾತ್ರಿ ತಡೆಯಲಾಗದ ಹೊಟ್ಟೆನೋವು. ಅಣ್ಣ ಆಟೋದಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದ. ಪಿತ್ತಕೋಶದಲ್ಲಿ ಕಲ್ಲು, ಆಪರೇಷನ್ ಆಗಲೇಬೇಕು ಎಂದರು. ನನ್ನ ಪರ್ಸಿನಲ್ಲಿ ಗಂಡನ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಇತ್ತು, ಧೈರ್ಯವಾಗಿ ತೆಗೆದುಕೊಟ್ಟೆ. ಡೆಸ್ಕಿನಲ್ಲಿದ್ದ ಹುಡುಗ ನಂಬರ್ ಹಾಕಿ ನೋಡಿದ, ಇನ್ನೊಂದು ಸಲ ಹಾಕಿ ನೋಡಿದ. ಆಮೇಲೆ ದನಿ ತಗ್ಗಿಸಿ, "ಮೇಡಂ, ಈ ಕಾರ್ಡ್ ಏಪ್ರಿಲ್‌ನಿಂದ ಆ್ಯಕ್ಟಿವ್ ಇಲ್ಲ" ಎಂದ.

ದುಡ್ಡು ಅಣ್ಣ ಕಟ್ಟಿದ. ಗಂಡ ಬೇಕಂತಲೇ ನನ್ನ ಹೆಸರು ತೆಗೆದರೋ, ಹೊಸ ವರ್ಷದ ಪಟ್ಟಿ ತುಂಬುವಾಗ ಬಿಟ್ಟುಹೋಯಿತೋ, ಇವತ್ತಿಗೂ ನಾನು ಕೇಳಿಲ್ಲ. ಕೇಳಿ ಆಗುವುದೂ ಏನಿಲ್ಲ. ಆದರೆ ಆಮೇಲೆ ಗೊತ್ತಾದ ಒಂದು ವಿಷಯ ಆಸ್ಪತ್ರೆಯ ಬಿಲ್ಲಿಗಿಂತ ಜಾಸ್ತಿ ನೋವು ಕೊಟ್ಟಿತು. ನನಗೆ ಬಿಪಿ ಇತ್ತು. ಹೊಸದಾಗಿ ನನ್ನ ಹೆಸರಿನಲ್ಲಿ ಪಾಲಿಸಿ ತೆಗೆದುಕೊಳ್ಳಲು ಹೋದಾಗ, ಬಿಪಿಗೆ ಸಂಬಂಧಪಟ್ಟ ಯಾವ ಕಾಯಿಲೆಗೂ ನಾಲ್ಕು ವರ್ಷ ಕಾಯಬೇಕು ಎಂದರು. ಗಂಡನ ಕಂಪನಿಯ ಪಾಲಿಸಿಯಲ್ಲಿ ನಾನು ಏಳು ವರ್ಷ ಇದ್ದೆ. ಹೆಸರು ಹೋಗುವ ಮೊದಲೇ ಅದೇ ವಿಮಾ ಕಂಪನಿಯ ಹತ್ತಿರ ಹೋಗಿ, ನನಗೆ ಬೇರೆ ಪಾಲಿಸಿ ಕೊಡಿ, ಹಳೆಯ ವರ್ಷಗಳನ್ನು ಲೆಕ್ಕಕ್ಕೆ ಹಿಡಿಯಿರಿ ಎಂದು ಕೇಳಲು ನನಗೆ ದಾರಿ ಇತ್ತು. ನನಗೆ ಗೊತ್ತಿರಲಿಲ್ಲ. ನನ್ನ ವಕೀಲರೂ ಹೇಳಲಿಲ್ಲ. ಏಳು ವರ್ಷ ಸುಮ್ನೆ ಕೈಬಿಟ್ಟು ಹೋಯಿತು.

ಇವತ್ತು ನಾನು ಹೇಳಬೇಕಾಗಿರುವುದು ಇದೊಂದೇ. ಡಿವೋರ್ಸ್ ಆಗುವಾಗ ಎಲ್ಲದಕ್ಕೂ ಪಟ್ಟಿ ಮಾಡುತ್ತೇವೆ. ಒಡವೆ, ಸೈಟು, ಕಾರು, ಬ್ಯಾಂಕಿನ ಠೇವಣಿ, ಮದುವೆಯಲ್ಲಿ ಕೊಟ್ಟ ಬೆಳ್ಳಿ ಪಾತ್ರೆ ಸಹ ಬಿಡುವುದಿಲ್ಲ. ಆದರೆ ಒಂದು ಪಾಲಿಸಿಯಲ್ಲಿ ಐದಾರು ವರ್ಷ ಇದ್ದು ಕಾಯುವ ಅವಧಿ ಮುಗಿಸಿದ್ದೇವಲ್ಲ, ಅದು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಅದೂ ನಿಮ್ಮ ಆಸ್ತಿ. ಅದನ್ನು ಎತ್ತಿಕೊಂಡೇ ಹೊರಗೆ ಬರಬೇಕು.

ಕಾಯುವ ಅವಧಿ ಅಂದರೆ ಏನು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸ ಪಾಲಿಸಿ ತೆಗೆದುಕೊಂಡ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಾಮಾನ್ಯವಾಗಿ ಕ್ಲೈಮ್ ಸಿಗುವುದಿಲ್ಲ. ಪಿತ್ತಕೋಶದ ಕಲ್ಲು, ಹರ್ನಿಯಾ, ಕಣ್ಣಿನ ಪೊರೆ, ಗರ್ಭಕೋಶ ತೆಗೆಸುವುದು, ಮಂಡಿ ಬದಲಾಯಿಸುವುದು, ಇಂಥ ಒಂದಷ್ಟಕ್ಕೆ ಹೆಚ್ಚಿನ ಪಾಲಿಸಿಗಳಲ್ಲಿ ಎರಡು ವರ್ಷ, ಕೆಲವಕ್ಕೆ ಅದಕ್ಕಿಂತ ಜಾಸ್ತಿ. ಪಾಲಿಸಿ ತೆಗೆದುಕೊಳ್ಳುವ ಮೊದಲೇ ಇದ್ದ ಕಾಯಿಲೆಗೆ, ಅಂದರೆ ಶುಗರ್, ಬಿಪಿ, ಥೈರಾಯ್ಡ್ ಇಂಥವಕ್ಕೆ, ಮೊದಲು ನಾಲ್ಕು ವರ್ಷದ ತನಕ ಕಾಯಿಸಬಹುದಿತ್ತು. ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ ಅಂತಾರಲ್ಲ, ಅದು 2024ರ ಏಪ್ರಿಲ್‌ನಿಂದ ಇದನ್ನು ಮೂರು ವರ್ಷಕ್ಕೆ ಇಳಿಸಿದೆ. ಅದೇ ನಿಯಮದಲ್ಲಿ ಇನ್ನೊಂದು ಒಳ್ಳೆಯ ವಿಷಯವೂ ಇದೆ. ಐದು ವರ್ಷ ತಪ್ಪದೆ ಪಾಲಿಸಿ ನಡೆದಿದ್ದರೆ, ನೀವು ಇಂಥದ್ದನ್ನು ಹೇಳಿರಲಿಲ್ಲ ಎಂದು ನೆಪ ತೆಗೆದು ಕ್ಲೈಮ್ ತಿರಸ್ಕರಿಸುವ ಹಾಗಿಲ್ಲ. ಮೋಸ ಎಂದು ಸಾಬೀತಾದರೆ ಮಾತ್ರ ಆಗುತ್ತದೆ. ಮೊದಲು ಇದು ಎಂಟು ವರ್ಷ ಇತ್ತು.

ಮದುವೆಯಾಗಿ ಹತ್ತು ವರ್ಷ ಒಂದೇ ಫ್ಯಾಮಿಲಿ ಫ್ಲೋಟರ್‌ನಲ್ಲಿ, ಅಂದರೆ ಮನೆಯವರೆಲ್ಲರಿಗೂ ಸೇರಿ ಇರುವ ಒಂದೇ ಪಾಲಿಸಿಯಲ್ಲಿ, ಇದ್ದವರು ಇವನ್ನೆಲ್ಲ ದಾಟಿರುತ್ತಾರೆ. ಡಿವೋರ್ಸ್ ಆದ ಮರುದಿನ ಹೊಸ ಪಾಲಿಸಿಗೆ ಹೋದರೆ ಮತ್ತೆ ಮೊದಲ ಮೆಟ್ಟಿಲಿಗೆ ಬಂದು ನಿಲ್ಲುತ್ತಾರೆ. ಅದೂ ನಲವತ್ತೈದನೇ ವಯಸ್ಸಿನಲ್ಲಿ, ಶುಗರ್ ಶುರುವಾಗಿರುವ ಹೊತ್ತಿನಲ್ಲಿ.

ಫ್ಲೋಟರ್ ಇದ್ದವರಿಗೆ ದಾರಿ ಸುಲಭ, ಆದರೆ ದಿನ ನೋಡಿಕೊಳ್ಳಬೇಕು. ಫ್ಲೋಟರ್‌ನಲ್ಲಿ ಇರುವ ಯಾರೇ ಆಗಲಿ ಅದರಿಂದ ಬೇರೆಯಾಗಿ ತಮ್ಮದೇ ಪಾಲಿಸಿಗೆ ಹೋಗಬಹುದು. ಅದೇ ಕಂಪನಿಯೊಳಗೆ ಹೋದರೆ ಮೈಗ್ರೇಷನ್, ಬೇರೆ ಕಂಪನಿಗೆ ಹೋದರೆ ಪೋರ್ಟಬಿಲಿಟಿ. ಎರಡರಲ್ಲೂ ಹಳೆಯ ವಿಮಾ ಮೊತ್ತದ ಮಟ್ಟಿಗೆ ಕಾದ ವರ್ಷಗಳು ಜೊತೆಗೆ ಬರುತ್ತವೆ. ಐದು ಲಕ್ಷದ ಪಾಲಿಸಿ ಇದ್ದದ್ದನ್ನು ಹತ್ತು ಲಕ್ಷಕ್ಕೆ ಏರಿಸಿದರೆ, ಮೇಲಿನ ಐದು ಲಕ್ಷಕ್ಕೆ ಕಾಯುವುದು ಹೊಸದಾಗಿ ಶುರು. ಬೇರೆ ಕಂಪನಿಗೆ ಹೋಗುವುದಾದರೆ ನವೀಕರಣದ ದಿನಕ್ಕೆ ಕನಿಷ್ಠ 45 ದಿನ ಮೊದಲು ಅರ್ಜಿ ಹಾಕಿ. ಹೊಸ ಕಂಪನಿ ನಿಮ್ಮ ಆರೋಗ್ಯ ನೋಡಿ ಒಪ್ಪಬಹುದು, ಬಿಡಬಹುದು. ಬೇಡ ಎಂದರೆ ಇನ್ನೊಂದು ಕಡೆ ಕೇಳಲು ಸಮಯ ಬೇಕಲ್ಲ, ಅದಕ್ಕೇ ಬೇಗ ಹೋಗಬೇಕು.

ಇದರಲ್ಲಿ ತೊಡಕು ಏನೆಂದರೆ, ಪಾಲಿಸಿ ಯಾರ ಹೆಸರಿನಲ್ಲಿದೆಯೋ ನವೀಕರಣದ ನೋಟಿಸ್ ಅವರಿಗೇ ಬರುತ್ತದೆ. ಅವರು ಪ್ರೀಮಿಯಂ ಕಟ್ಟದೆ ಬಿಟ್ಟರೆ ನಿಮಗೆ ಯಾರೂ ಹೇಳುವುದಿಲ್ಲ. ನವೀಕರಣದ ಸಮಯದಲ್ಲಿ ನಿಮ್ಮ ಹೆಸರು ಬಿಟ್ಟರೆ ನಿಮ್ಮ ಸಹಿ ಯಾರೂ ಕೇಳುವುದಿಲ್ಲ. ವರ್ಷದ ಪ್ರೀಮಿಯಂಗೆ 30 ದಿನದ ಗ್ರೇಸ್ ಇದೆ. ಅಷ್ಟರೊಳಗೆ ಕಟ್ಟಿದರೆ ಕಾದ ವರ್ಷಗಳು ಉಳಿಯುತ್ತವೆ. ಆದರೆ ಆ ನಡುವಿನ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ದುಡ್ಡು ಬರುತ್ತದೆ ಎಂದು ನಂಬಿ ಕೂರಬೇಡಿ. ಹಾಗಾಗಿ ಮನೆಯಲ್ಲಿ ಮಾತು ಕೆಡುತ್ತಿದೆ ಅನ್ನಿಸಿದ ದಿನವೇ ಪಾಲಿಸಿಯ ಪ್ರತಿ ಪುಟವನ್ನೂ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಪಾಲಿಸಿ ನಂಬರ್, ನವೀಕರಣದ ದಿನಾಂಕ, ಹಿಂದಿನ ವರ್ಷಗಳ ಪಾಲಿಸಿ, ಹಳೆಯ ಕ್ಲೈಮ್ ಕಾಗದ. ಇದರಲ್ಲಿ ಕದ್ದು ಮಾಡುವಂಥದ್ದು ಏನೂ ಇಲ್ಲ. ನಿಮ್ಮ ಹೆಸರು ಇರುವ ಕಾಗದ ಅದು.

ಈಗ ಕಂಪನಿ ಪಾಲಿಸಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಜಾಸ್ತಿ ಜನ ಇರುವುದು ಇದರ ಕೆಳಗೇ. ಗಂಡನೋ ಹೆಂಡತಿಯೋ ಒಬ್ಬರಿಗೆ ಐಟಿ ಕಂಪನಿಯಲ್ಲಿ ಕೆಲಸ, ಉಳಿದವರೆಲ್ಲ ಅವರ ಪಟ್ಟಿಯಲ್ಲಿ. ಗಂಡಸರೂ ಇದನ್ನು ಕೇಳಿಸಿಕೊಳ್ಳಬೇಕು. ಹೆಂಡತಿಯ ಕಂಪನಿ ಪಾಲಿಸಿಯನ್ನೇ ನಂಬಿಕೊಂಡಿದ್ದ, ಸ್ವಂತ ವ್ಯಾಪಾರ ಮಾಡುವ ಎಷ್ಟೋ ಗಂಡಸರು ಇದೇ ಸ್ಥಿತಿಗೆ ಬಂದದ್ದನ್ನು ನೋಡಿದ್ದೇನೆ.

ಕೇಸ್ ಹಾಕಿದ ಮಾತ್ರಕ್ಕೆ ಮದುವೆ ಮುಗಿಯುವುದಿಲ್ಲ. ಕೋರ್ಟ್ ಡಿಕ್ರಿ, ಅಂದರೆ ಡಿವೋರ್ಸಿನ ಅಂತಿಮ ಆದೇಶ, ಕೊಡುವ ತನಕ ನೀವು ಕಾನೂನಿನ ಪ್ರಕಾರ ಹೆಂಡತಿಯೇ, ಗಂಡನೇ. ಬೇರೆ ಮನೆಯಲ್ಲಿದ್ದರೂ ಅಷ್ಟೇ. ಹಾಗಾಗಿ ಅಲ್ಲಿಯ ತನಕ ಕಂಪನಿ ಪಟ್ಟಿಯಲ್ಲಿ ನಿಮ್ಮ ಹೆಸರು ಇರಬಹುದು, ಆ ಕಾರ್ಡ್ ಬಳಸುವುದು ತಪ್ಪಲ್ಲ. ಆದರೆ ಇರಬಹುದು ಅನ್ನುವುದು ಬೇರೆ, ಇದೆ ಅನ್ನುವುದು ಬೇರೆ. ಪ್ರತಿ ವರ್ಷ ಪಟ್ಟಿ ಹೊಸದಾಗಿ ತುಂಬುತ್ತಾರೆ. ತುಂಬುವುದು ನೌಕರ ಮಾತ್ರ. ಎಚ್‌ಆರ್‌ನಲ್ಲಿ ಕೂತಿದ್ದ ನಾನು ಒಬ್ಬರ ಹೆಸರು ಹೋದಾಗ ಅವರಿಗೆ ಫೋನ್ ಮಾಡಿ ಹೇಳಿದ್ದು ಒಂದು ಸಲವೂ ಇಲ್ಲ. ಹೇಳುವ ಕ್ರಮವೇ ಇರಲಿಲ್ಲ. ಈಗ ನೆನೆದರೆ ಮನಸ್ಸಿಗೆ ಬಹಳ ಕಷ್ಟವಾಗುತ್ತದೆ.

ಡಿಕ್ರಿ ಆದ ಮೇಲೆ ಅರ್ಹತೆ ಮುಗಿಯುತ್ತದೆ. ಕಾರ್ಡ್ ಇನ್ನೂ ಕೆಲಸ ಮಾಡುತ್ತಿದೆ, ಇರಲಿ ಬಿಡು ಎಂದು ಕೆಲವರು ಬಳಸುತ್ತಾರೆ. ದಯವಿಟ್ಟು ಬೇಡ. ಅದು ಸುಳ್ಳು ಹೇಳಿ ಕ್ಲೈಮ್ ಮಾಡಿದ ಹಾಗೆ. ನೌಕರರ ಕೆಲಸಕ್ಕೂ ಕುತ್ತು ಬರುತ್ತದೆ, ನಿಮ್ಮ ಮುಂದಿನ ಪಾಲಿಸಿಗೂ ಕಪ್ಪು ಚುಕ್ಕೆ.

ಇನ್ನೊಂದು ವಿಷಯ ಯಾರೂ ಯೋಚನೆ ಮಾಡುವುದಿಲ್ಲ. ಕ್ಯಾಶ್‌ಲೆಸ್ ಆಗದೆ ನೀವೇ ಕಟ್ಟಿ ಆಮೇಲೆ ಬಿಲ್ ಕಳಿಸಿದರೆ, ಆ ದುಡ್ಡು ಬರುವುದು ಪಾಲಿಸಿದಾರರ ಖಾತೆಗೆ. ಕಂಪನಿ ಪಾಲಿಸಿಯಾದರೆ ನೌಕರನ ಖಾತೆಗೆ. ಕಟ್ಟಿದ್ದು ನಿಮ್ಮ ಅಪ್ಪ, ಬಂದದ್ದು ನಿಮ್ಮ ಜೊತೆ ಕೇಸ್ ನಡೆಸುತ್ತಿರುವ ಗಂಡನಿಗೆ. ಮೆಸೇಜ್‌ಗಳೂ ಅವರ ಫೋನಿಗೇ ಹೋಗುತ್ತವೆ. ನೀವು ಯಾವ ಆಸ್ಪತ್ರೆಗೆ ಹೋದಿರಿ, ಯಾವ ದಿನ ಸೇರಿದಿರಿ, ಎಷ್ಟು ಬಿಲ್ ಆಯಿತು, ಎಲ್ಲ. ಹೊಡೆತ ತಿಂದು ಮನೆ ಬಿಟ್ಟು ಬಂದ ಹೆಣ್ಣುಮಗಳಿಗೆ ಇದು ಚಿಕ್ಕ ವಿಷಯ ಅಲ್ಲ. ಅಂಥವರು ಬೇರೆ ಪಾಲಿಸಿ ಮಾಡಿಕೊಳ್ಳುವುದು ಮೊದಲ ತಿಂಗಳ ಕೆಲಸ ಆಗಬೇಕು.

ಕಂಪನಿ ಪಾಲಿಸಿಯಿಂದ ಹೊರಗೆ ಬರುವಾಗಲೂ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗುವ ಅವಕಾಶ ಇದೆ, ನೌಕರನಿಗೆ ಮಾತ್ರ ಅಲ್ಲ, ಅವರ ಜೊತೆ ಪಟ್ಟಿಯಲ್ಲಿದ್ದ ಕುಟುಂಬದವರಿಗೂ ಇದೆ. ನಾನು ಕಳೆದುಕೊಂಡದ್ದು ಇದನ್ನೇ. ಹೆಸರು ಇನ್ನೂ ಪಟ್ಟಿಯಲ್ಲಿ ಇರುವಾಗಲೇ ಇಮೇಲ್‌ನಲ್ಲಿ ಕೇಳಿ. ಬಾಯಿಮಾತಲ್ಲಿ ಬೇಡ. ಯಾವ ವರ್ಷದಿಂದ ಯಾವ ವರ್ಷದ ತನಕ ನಿಮಗೆ ರಕ್ಷಣೆ ಇತ್ತು ಎಂದು ಬರೆದುಕೊಡಲು ಹೇಳಿ. ಡಿಕ್ರಿಯ ದಿನಕ್ಕೆ ಕಾಯಬೇಡಿ.

ಪರಸ್ಪರ ಒಪ್ಪಿಗೆಯ ಡಿವೋರ್ಸ್ ಆದರೆ ಸಮಯದ ಲೆಕ್ಕ ಮೊದಲೇ ಗೊತ್ತಿರುತ್ತದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. 2017ರಲ್ಲಿ ಸುಪ್ರೀಂ ಕೋರ್ಟ್, ರಾಜಿಯಾಗುವ ದಾರಿಯೇ ಇಲ್ಲದಿದ್ದರೆ ಈ ಆರು ತಿಂಗಳನ್ನು ಕೋರ್ಟ್ ಮನ್ನಾ ಮಾಡಬಹುದು ಎಂದಿದೆ. ಬೇಗ ಮುಗಿಯಲಿ ಅಂತ ಎಲ್ಲರೂ ಮನ್ನಾ ಕೇಳುತ್ತಾರೆ, ಅದು ಸಹಜ. ನಾನು ಹೇಳುವುದು ಇಷ್ಟೇ, ಮನ್ನಾ ಕೇಳುವ ಮೊದಲು ನಿಮ್ಮ ಪಾಲಿಸಿ ಕೈಗೆ ಬಂದಿದೆಯಾ ನೋಡಿಕೊಳ್ಳಿ. ಆ ಆರು ತಿಂಗಳು ಎಷ್ಟೋ ಜನರಿಗೆ ಉಸಿರು ಬಿಡಲು ಸಿಗುವ ಸಮಯ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗಿಯ ಮಾತು ಇಲ್ಲಿ ಹೇಳಲೇಬೇಕು. ಅವಳ ಕಂಪನಿ ಪಾಲಿಸಿಯಲ್ಲಿ ಅಪ್ಪ ಅಮ್ಮ, ಇಲ್ಲಾಂದ್ರೆ ಅತ್ತೆ ಮಾವ, ಯಾರಾದರೂ ಒಂದು ಜೋಡಿಯನ್ನು ಸೇರಿಸಬಹುದಿತ್ತು. ಮದುವೆಯಾದ ವರ್ಷ ಅವಳು ಅತ್ತೆ ಮಾವನನ್ನು ಸೇರಿಸಿದ್ದಳು. ಗಂಡನ ಜೊತೆ ಸರಿಹೋಗಲಿಲ್ಲ, ಆದರೆ ಅತ್ತೆಯ ಮೇಲೆ ಪ್ರೀತಿ ಇತ್ತು. ಅತ್ತೆಗೆ ಎರಡೂ ಮಂಡಿ ಸವೆದು ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಡಿಕ್ರಿ ಆದ ದಿನ ಅತ್ತೆಯ ಹೆಸರೂ ಹೋಗುತ್ತದೆ, ಅರವತ್ತೆಂಟನೇ ವಯಸ್ಸಿನಲ್ಲಿ ಹೊಸ ಪಾಲಿಸಿ ಮಾಡಿಸಿದರೂ ಮಂಡಿಗೆ ವರ್ಷಗಟ್ಟಲೆ ಕಾಯಬೇಕು ಎಂದು ನಾನು ಹೇಳಿದಾಗ ಅವಳು ಸುಮ್ಮನೆ ಕೇಳಿಸಿಕೊಂಡಳು. ಆಮೇಲೆ ವಕೀಲರಿಗೆ ಹೇಳಿ, ಆ ಆರು ತಿಂಗಳಾದ ಮೇಲೆ ಕೋರ್ಟಿನಲ್ಲಿ ಹಾಕುವ ಎರಡನೇ ಸಹಿಯ ತಾರೀಖನ್ನು ಮುಂದಕ್ಕೆ ಹಾಕಿಸಿದಳು. ಅತ್ತೆಯ ಆಪರೇಷನ್ ಆಯಿತು, ವಾಕರ್ ಹಿಡಿದು ಅವರು ಮನೆಯೊಳಗೆ ಓಡಾಡಿದರು, ಅದಾದ ಮೇಲೆ ಇವಳು ಕೋರ್ಟಿಗೆ ಹೋಗಿ ಸಹಿ ಹಾಕಿದಳು. ಅದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಆ ದಿನದ ತನಕ ಅವರು ಅವಳ ಅತ್ತೆಯೇ.

ಇನ್ನು ಕೋರ್ಟ್. ನಮ್ಮ ಊರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡಕ್ಕೆ ಓಡಾಡಿದವರಿಗೆ ಗೊತ್ತು, ಕೌಟುಂಬಿಕ ನ್ಯಾಯಾಲಯದಲ್ಲಿ ಕೇಸ್ ಬಂದ ಮೇಲೆ ಮಧ್ಯಸ್ಥಿಕೆಗೆ ಕಳಿಸುತ್ತಾರೆ. 2007ರಿಂದ ಬೆಂಗಳೂರು ಮೀಡಿಯೇಷನ್ ಸೆಂಟರ್ ಇದೆ. ಅಲ್ಲಿ ಇಬ್ಬರನ್ನೂ ಕೂರಿಸಿ ಒಪ್ಪಂದ ಬರೆಸುತ್ತಾರೆ. ನನ್ನ ಬೇಡಿಕೆ ಏನೆಂದರೆ, ಆ ಕಾಗದದಲ್ಲಿ ಇನ್ಶೂರೆನ್ಸ್‌ಗೆ ಒಂದು ಪ್ಯಾರಾ ಇರಲಿ. ಡಿಕ್ರಿ ಆಗುವ ತನಕ ಹೆಸರು ತೆಗೆಯುವುದಿಲ್ಲ ಎಂದು ಬರೆಸಿ. ಪಾಲಿಸಿ ಬೇರೆ ಮಾಡಿಕೊಳ್ಳಲು ಬೇಕಾದ ಕಾಗದಗಳನ್ನು ಇಷ್ಟು ದಿನದೊಳಗೆ ಕೊಡುತ್ತೇನೆ ಎಂದು ಬರೆಸಿ. ಮಗುವಿನ ಪಾಲಿಸಿ ಯಾರು ನಡೆಸಬೇಕು, ಎಷ್ಟು ಲಕ್ಷದ್ದು, ಎಷ್ಟು ವಯಸ್ಸಿನ ತನಕ, ಕಟ್ಟಿದ ರಸೀದಿಯನ್ನು ಯಾವ ತಾರೀಖಿನೊಳಗೆ ತೋರಿಸಬೇಕು, ಪಾಲಿಸಿ ಕೊಡದ ಭಾಗವನ್ನು ಯಾರು ಕಟ್ಟಬೇಕು. "ಮಗುವಿನ ವೈದ್ಯಕೀಯ ಖರ್ಚನ್ನು ತಂದೆ ನೋಡಿಕೊಳ್ಳತಕ್ಕದ್ದು" ಎಂಬ ಒಂದು ಸಾಲು ಬರೆದು ಮುಗಿಸಿಬಿಡುತ್ತಾರೆ. ಆ ಒಂದು ಸಾಲನ್ನು ಹಿಡಿದುಕೊಂಡು ರಾತ್ರಿ ಹನ್ನೊಂದು ಗಂಟೆಗೆ ಅಡ್ಮಿಷನ್ ಕೌಂಟರ್ ಮುಂದೆ ನಿಂತರೆ ಏನೂ ನಡೆಯುವುದಿಲ್ಲ.

ಜೀವನಾಂಶ ಅಂದರೆ ಊಟ ಬಟ್ಟೆ ಮಾತ್ರ ಅಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಲ್ಲಿ ಜೀವನಾಂಶ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲೇ ವೈದ್ಯಕೀಯ ಆರೈಕೆ, ಚಿಕಿತ್ಸೆ ಎರಡೂ ಸೇರಿವೆ. ಕೇಸ್ ನಡೆಯುವಾಗಿನ ಖರ್ಚಿಗೆ ವಿವಾಹ ಕಾಯ್ದೆಯ 24ನೇ ಕಲಂ ಇದೆ. ಮನೆಯಲ್ಲಿ ಹಿಂಸೆ ಆಗಿದ್ದರೆ 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 20ನೇ ಕಲಂ ಪ್ರಕಾರ ಚಿಕಿತ್ಸೆಯ ಖರ್ಚನ್ನು ಕೊಡಿಸಲು ಮ್ಯಾಜಿಸ್ಟ್ರೇಟ್ ಕೋರ್ಟನ್ನೇ ಕೇಳಬಹುದು. 2020ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆದಾಯ, ಖರ್ಚಿನ ಪ್ರಮಾಣಪತ್ರ ಕೊಡಬೇಕು. ಅದರಲ್ಲಿ ಖರ್ಚು ಬರೆಯುವಾಗ ತರಕಾರಿ, ಸ್ಕೂಲ್ ಫೀ ಎಲ್ಲ ಬರೆದು ಇನ್ಶೂರೆನ್ಸ್ ಪ್ರೀಮಿಯಂ ಬರೆಯುವುದನ್ನು ಮರೆಯುತ್ತಾರೆ. ಒಂದು ಕಂಪನಿಯಿಂದ ಕೊಟೇಷನ್ ತೆಗೆಸಿ ಅದರ ಜೊತೆ ಲಗತ್ತಿಸಿ. ಮುಸ್ಲಿಂ ಹೆಣ್ಣುಮಕ್ಕಳಿಗೂ ಹೇಳುತ್ತೇನೆ, ಡಿವೋರ್ಸ್ ಆದ ಮೇಲೂ ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ, 125ನೇ ಕಲಂ ಕೆಳಗೆ ಜೀವನಾಂಶ ಕೇಳಬಹುದು ಎಂದು 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಹೇಳಿದೆ. ಈಗ ಅದು ಹೊಸ ಸಂಹಿತೆಯ 144ನೇ ಕಲಂ.

ಮಗು ಇಬ್ಬರ ಪಾಲಿಸಿಯಲ್ಲೂ ಇರಬಹುದು. ಅಪ್ಪನ ಕಂಪನಿ ಪಟ್ಟಿಯಿಂದ ಮಗುವಿನ ಹೆಸರನ್ನು ಹಟಕ್ಕೆ ತೆಗೆಸಬೇಡಿ, ಅಮ್ಮನ ಪಾಲಿಸಿಯಲ್ಲೂ ಇರಲಿ. ಡಿವೋರ್ಸ್ ಆಗುವುದು ಗಂಡ ಹೆಂಡತಿಗೆ, ಮಗು ಅವರಿಬ್ಬರ ಮಗುವೇ. ಒಂದು ಸಾಲದಿದ್ದರೆ ಉಳಿದದ್ದಕ್ಕೆ ಇನ್ನೊಂದು.

ಹೊಸ ಪಾಲಿಸಿಯ ಫಾರ್ಮ್ ತುಂಬುವಾಗ ಒಂದು ಕಡೆ ಎಲ್ಲರ ಕೈ ತಡೆಯುತ್ತದೆ. ಈ ಕಾಲದಲ್ಲಿ ನಿದ್ದೆ ಬಂದಿರುವುದಿಲ್ಲ. ಡಾಕ್ಟರ ಹತ್ತಿರ ಹೋಗಿ ಮಾತ್ರೆ ತೆಗೆದುಕೊಂಡಿರುತ್ತೇವೆ. ಖಿನ್ನತೆ ಎಂದು ಅವರು ಚೀಟಿಯಲ್ಲಿ ಬರೆದಿರುತ್ತಾರೆ. ಅದನ್ನು ಬರೆಯಲು ಮುಜುಗರ, ಬರೆದರೆ ಪಾಲಿಸಿ ಕೊಡುವುದಿಲ್ಲವೇನೋ ಎಂಬ ಭಯ. ಬರೆಯಿರಿ. ಮುಚ್ಚಿಟ್ಟರೆ ಮುಂದೆ ಬೇರೆ ಯಾವುದೋ ಕಾಯಿಲೆಯ ಕ್ಲೈಮ್ ಬಂದಾಗ ಅದನ್ನೇ ಹಿಡಿಯುತ್ತಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆ, ದೇಹದ ಕಾಯಿಲೆಗೆ ಹೇಗೋ ಮನಸ್ಸಿನ ಕಾಯಿಲೆಗೂ ಹಾಗೇ ವಿಮೆ ಕೊಡಬೇಕು ಎನ್ನುತ್ತದೆ. ಆದರೆ ಆಸ್ಪತ್ರೆಗೆ ಸೇರದೆ ಹೋಗಿಬರುವ ಕೌನ್ಸೆಲಿಂಗ್‌ಗೆ ಸಾಮಾನ್ಯ ಪಾಲಿಸಿಯಲ್ಲಿ ದುಡ್ಡು ಬರುವುದಿಲ್ಲ. ರಾತ್ರಿ ಹೊತ್ತು ಯಾರ ಜೊತೆಯಾದರೂ ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ. ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ.

ದುಡ್ಡಿನ ವಿಷಯ ಬೇಗ ಹೇಳುತ್ತೇನೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ಪಾಲಿಸಿ, ಫ್ಲೋಟರ್ ಎರಡಕ್ಕೂ ಜಿಎಸ್‌ಟಿ ಇಲ್ಲ. ಮೊದಲು 18% ಇತ್ತು. ಯಾವುದು ತೆಗೆದುಕೊಳ್ಳಬೇಕು ಗೊತ್ತಾಗದೆ ತಿಂಗಳುಗಟ್ಟಲೆ ಕೂರುವ ಬದಲು 2020ರಲ್ಲಿ ಬಂದ ಆರೋಗ್ಯ ಸಂಜೀವನಿ ಎಂಬ ಪಾಲಿಸಿ ನೋಡಿ, ಷರತ್ತುಗಳು ಎಲ್ಲ ಕಂಪನಿಯಲ್ಲೂ ಒಂದೇ ಥರ. ಕ್ಲೈಮ್‌ನಲ್ಲಿ 5% ನಮ್ಮ ಕೈಯಿಂದ ಹೋಗುತ್ತದೆ. ರಾಜ್ಯ ಸರ್ಕಾರಿ ನೌಕರರ ಯೋಜನೆಗೂ ಹತ್ತಿರ ಹತ್ತಿರ ಅದೇ ಹೆಸರಿದೆ, ಎರಡನ್ನೂ ಒಂದೇ ಅಂದುಕೊಳ್ಳಬೇಡಿ. ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಿ, ಇಷ್ಟ ಆಗದಿದ್ದರೆ 30 ದಿನದೊಳಗೆ ವಾಪಸ್ ಕೊಡಬಹುದು. ನಾಮಿನಿ ಹೆಸರು ಬದಲಾಯಿಸಿ. ಹಳೆಯ ಜೀವ ವಿಮೆಯಲ್ಲೂ ಅಷ್ಟೇ.

ಪ್ರೀಮಿಯಂ ಕಟ್ಟುವ ಶಕ್ತಿಯೇ ಇಲ್ಲದವರು ನಮ್ಮ ನಡುವೆ ಜಾಸ್ತಿ ಇದ್ದಾರೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ, ಸಂಬಳ 21,000 ರೂಪಾಯಿಯೊಳಗೆ ಇರುವ ಹೆಣ್ಣುಮಗಳಿಗೆ ಸ್ವಂತ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರುತ್ತದೆ. ಸಂಬಳದಲ್ಲಿ 0.75% ಹಿಡಿಯುತ್ತಾರೆ. ಡಿವೋರ್ಸ್ ಆದರೂ ಆ ಕಾರ್ಡ್ ಅವಳದೇ, ಮಕ್ಕಳ ಹೆಸರು ಅದರಲ್ಲೇ ಇರುತ್ತದೆ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಯಾರನ್ನೂ ಕೇಳದೆ ಹೋಗಬಹುದು. ಗಂಡನ ಇಎಸ್‌ಐನಲ್ಲಿ ಇದ್ದವಳಿಗೆ ಡಿಕ್ರಿಯ ಜೊತೆಗೇ ಅದು ಮುಗಿಯುತ್ತದೆ. ಇವರಿಬ್ಬರ ನಡುವಿನ ವ್ಯತ್ಯಾಸ ನೋಡಿ.

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದ ತನಕ ಇದೆ. ಬಿಪಿಎಲ್ ಇಲ್ಲದವರಿಗೆ ಪ್ಯಾಕೇಜ್ ದರದ 30%, ವರ್ಷಕ್ಕೆ ಒಂದೂವರೆ ಲಕ್ಷದ ತನಕ. ಇದೆಲ್ಲ ನಿಂತಿರುವುದು ರೇಷನ್ ಕಾರ್ಡಿನ ಮೇಲೆ. ಡಿವೋರ್ಸ್ ಆಗಿ ನಾಲ್ಕು ವರ್ಷ ಆದರೂ ಅತ್ತೆಮನೆಯ ರೇಷನ್ ಕಾರ್ಡಿನಲ್ಲೇ ಹೆಸರು ಉಳಿದುಕೊಂಡವರಿದ್ದಾರೆ. ಅದನ್ನು ತೆಗೆಸಿ ತವರಿನ ಕಾರ್ಡಿಗೆ ಸೇರಿಸಿ, ಇಲ್ಲವೇ ಬೇರೆಯದಕ್ಕೆ ಅರ್ಜಿ ಹಾಕಿ. ಅಪ್ಪ ಕೇಂದ್ರ ಸರ್ಕಾರಿ ನೌಕರರೋ ಪಿಂಚಣಿದಾರರೋ ಆಗಿದ್ದರೆ ಅವರ ಆರೋಗ್ಯ ಯೋಜನೆಯಾದ ಸಿಜಿಎಚ್‌ಎಸ್‌ನಲ್ಲಿ, ಅವರನ್ನೇ ಅವಲಂಬಿಸಿರುವ ಡಿವೋರ್ಸ್ ಆದ ಮಗಳನ್ನೂ ಸೇರಿಸಬಹುದು, ವಯಸ್ಸಿನ ಮಿತಿ ಇಲ್ಲ, ಆದಾಯದ ಮಿತಿ ಮಾತ್ರ ಇದೆ. ಅಪ್ಪನ ಕಾರ್ಡಿಗೆ ಮತ್ತೆ ಹೆಸರು ಸೇರಿಸುವುದು ಅವಮಾನ ಎಂದು ಒಬ್ಬರು ನನಗೆ ಹೇಳಿದರು. ಅಮ್ಮ, ಅವಮಾನ ಏನೂ ಇಲ್ಲ. ಸರ್ಕಾರವೇ ನಿಮ್ಮ ಹೆಸರಿಗೆ ಅಂತ ಬರೆದಿಟ್ಟ ಜಾಗ ಅದು.

ಕ್ಲೈಮ್ ತಿರಸ್ಕಾರವಾದರೆ ಮೊದಲು ವಿಮಾ ಕಂಪನಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಜೆ.ಪಿ. ನಗರ ಒಂದನೇ ಹಂತದ ಜೀವನ್ ಸೌಧದಲ್ಲಿ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮೆಯ ದೂರು ವಿಚಾರಿಸಿ ತೀರ್ಮಾನ ಹೇಳುವ ಅಧಿಕಾರಿಯ, ಕಚೇರಿ ಇದೆ. ಫೀಸ್ ಇಲ್ಲ, ವಕೀಲರೂ ಬೇಕಿಲ್ಲ. ಒಂದು ವರ್ಷದೊಳಗೆ ಹೋಗಬೇಕು. ಐಆರ್‌ಡಿಎಐನ ಸಹಾಯವಾಣಿ 155255.

ಆಮೇಲೆ ಪ್ರಶ್ನೆಗಳು ಬಂದವು.

ಮಲ್ಲೇಶ್ವರದಿಂದ ಬಂದಿದ್ದ ಒಬ್ಬ ತಾಯಿ, "ನನ್ನ ಮಗಳು ಅಮೆರಿಕದಲ್ಲಿದ್ದಾಳೆ, ಅಳಿಯನ ಕಂಪನಿ ಇನ್ಶೂರೆನ್ಸ್‌ನಲ್ಲಿ. ಅಲ್ಲೇ ಡಿವೋರ್ಸ್ ಆಗುತ್ತಿದೆ, ಏನು ಮಾಡಬೇಕು?" ಎಂದರು. ಅಲ್ಲಿಯ ನಿಯಮ ಬೇರೆ, ಒಂದು ರೀತಿಯಲ್ಲಿ ನಮ್ಮದಕ್ಕಿಂತ ಸ್ಪಷ್ಟ. ಅಲ್ಲಿ ಕೋಬ್ರಾ ಎಂಬ ಕಾನೂನಿದೆ. 20 ಅಥವಾ ಹೆಚ್ಚು ನೌಕರರಿರುವ ಕಂಪನಿಯಾದರೆ, ಡಿವೋರ್ಸ್ ಆದವರು ಅದೇ ಪಾಲಿಸಿಯಲ್ಲಿ 36 ತಿಂಗಳ ತನಕ ಮುಂದುವರಿಯಬಹುದು. ಆದರೆ ಪೂರ್ತಿ ಪ್ರೀಮಿಯಂ ತಾವೇ ಕಟ್ಟಬೇಕು, ಮೇಲೆ 2% ಸೇರಿಸಿ. ಡಿವೋರ್ಸ್ ಆಗಿದೆ ಎಂದು 60 ದಿನದೊಳಗೆ ಪಾಲಿಸಿ ನೋಡಿಕೊಳ್ಳುವವರಿಗೆ ತಿಳಿಸಬೇಕು. ಅದು ತಪ್ಪಿದರೆ ಹಕ್ಕು ಹೋಗುತ್ತದೆ. ಅದು ದುಬಾರಿ ಅನ್ನಿಸಿದರೆ ಸರ್ಕಾರದ ಮಾರ್ಕೆಟ್‌ಪ್ಲೇಸ್‌ನಲ್ಲಿ ಬೇರೆ ಪಾಲಿಸಿ ತೆಗೆದುಕೊಳ್ಳಲೂ, ಇದ್ದ ರಕ್ಷಣೆ ಹೋದ ಮೇಲೆ 60 ದಿನದ ಅವಕಾಶ ಇದೆ. ಮಗಳು ಗಂಡನ ಕೆಲಸದ ವೀಸಾ ಆಧಾರದ ಮೇಲೆ ಸಿಗುವ ಎಚ್4 ವೀಸಾದಲ್ಲಿ ಇದ್ದರೆ ಡಿವೋರ್ಸ್ ಜೊತೆಗೆ ಆ ವೀಸಾದ ಆಧಾರವೂ ಹೋಗುತ್ತದೆ. ಹಾಗಾಗಿ ವಾಪಸ್ ಬರುವ ಯೋಚನೆ ಇದ್ದರೆ ಇಲ್ಲಿ ಒಂದು ಪಾಲಿಸಿ ಬಗ್ಗೆ ಈಗಲೇ ವಿಚಾರಿಸಿ ಎಂದೆ. ಅವರು ಒಂದು ಹಳೆಯ ಪಂಚಾಂಗದ ಹಿಂಬದಿಯಲ್ಲಿ 60, 36 ಎಂದು ಬರೆದುಕೊಂಡರು.

ಒಬ್ಬರು ಹಿರಿಯರು, "ನನಗೆ ಅರವತ್ತಾರು, ಈ ವಯಸ್ಸಿನಲ್ಲಿ ಬೇರೆ ಆಗುತ್ತಿದ್ದೇವೆ, ಯಾರು ಪಾಲಿಸಿ ಕೊಡುತ್ತಾರೆ?" ಎಂದು ಕೇಳಿದರು. ಯಾರೂ ಮುಖ ತಿರುಗಿಸಲಿಲ್ಲ, ಅದು ನನಗೆ ಸಮಾಧಾನ ತಂದಿತು. 2024ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಎಲ್ಲ ವಯಸ್ಸಿನವರಿಗೂ ಪಾಲಿಸಿ ಇಟ್ಟಿರಬೇಕು. ಪ್ರೀಮಿಯಂ ಜಾಸ್ತಿಯೇ. ಆದರೆ ನಿಮ್ಮ ಹಳೆಯ ಫ್ಲೋಟರ್‌ನಿಂದ ಬೇರೆಯಾಗಿ ಬಂದರೆ ಮತ್ತೆ ಕಾಯುವುದು ತಪ್ಪುತ್ತದೆ, ನಿಮ್ಮ ವಯಸ್ಸಿನಲ್ಲಿ ಅದೇ ದೊಡ್ಡದು ಎಂದೆ.

ಎಲ್ಲ ಮುಗಿದು ಕುರ್ಚಿ ಜೋಡಿಸುತ್ತಿದ್ದಾಗ ಬಾಗಿಲ ಹತ್ತಿರ ನಿಂತಿದ್ದ ಒಬ್ಬ ಹುಡುಗಿ ಬಂದಳು. ಮೂವತ್ತು ಇರಬಹುದು. "ಆಂಟಿ, ನನ್ನ ಹೆಸರು ಪಟ್ಟಿಯಲ್ಲಿ ಇದೆಯಾ ಅಂತ ಅವರ ಎಚ್‌ಆರ್‌ಗೆ ಕೇಳಿದರೆ ಅವರಿಗೆ ಗೊತ್ತಾಗುತ್ತಾ?" ಎಂದಳು. ಎಚ್‌ಆರ್‌ಗೆ ಯಾಕೆ ಕೇಳಬೇಕಮ್ಮ, ಕಾರ್ಡ್ ಇದೆಯಾ ಎಂದೆ. ಫೋನಿನಲ್ಲಿ ಹಳೆಯ ಸ್ಕ್ರೀನ್‌ಶಾಟ್ ಇತ್ತು. ಅದರ ಕೆಳಗೆ ಟಿಪಿಎ ಕಂಪನಿಯ, ಅಂದರೆ ವಿಮಾ ಕಂಪನಿಯ ಪರವಾಗಿ ಕ್ಲೈಮ್ ನೋಡಿಕೊಳ್ಳುವವರ, ಟೋಲ್ ಫ್ರೀ ನಂಬರ್ ಇರುತ್ತದೆ, ಸದಸ್ಯರ ಐಡಿ ಹೇಳಿ ಪಾಲಿಸಿ ಚಾಲ್ತಿಯಲ್ಲಿದೆಯಾ ಎಂದು ನೀವೇ ಕೇಳಬಹುದು. ಹೊರಗಿನ ಬೆಂಚಿನ ಮೇಲೆ ಕೂತು ಇಬ್ಬರೂ ಫೋನ್ ಮಾಡಿದೆವು. ಹತ್ತು ನಿಮಿಷ ಕಾಯಿಸಿದರು. ಆಮೇಲೆ ಆ ಕಡೆಯ ಹುಡುಗಿ ಹೆಸರು, ಹುಟ್ಟಿದ ತಾರೀಖು ಕೇಳಿ, "ಆ್ಯಕ್ಟಿವ್ ಇದೆ ಮೇಡಂ, ಮಾರ್ಚ್ 31ರ ತನಕ" ಎಂದಳು.

ಇವಳು ಫೋನ್ ಕೆಳಗಿಟ್ಟು ಬೆರಳಲ್ಲಿ ತಿಂಗಳು ಎಣಿಸಿದಳು.